ಎರಡು ಫೋನು, ಒಂದೇ ಮನೆ

ದೂರ ಇರೋ ಗಂಡ ಹೆಂಡತಿ ಆಟದೊಳಗೆ ಸಂಸಾರ ಹೂಡಿದರೆ ಇಂಥ ಫಜೀತಿಗಳು ತಪ್ಪೋದಿಲ್ಲ. ನಾನು ಹಿರಿಯೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳೋನು. ನನ್ನಾಕೆ ನರ್ಸು, ಎರಡು ವರ್ಷದ ಕರಾರಿನ ಮೇಲೆ ದುಬೈಗೆ ಹೋದಳು. ಫೋನಲ್ಲಿ "ಊಟ ಆತಾ?" ಅಂತ ಕೇಳಿ ಕೇಳಿ ಸಾಕಾಗಿ, ಇಬ್ಬರೂ ಸೇರಿ ಮನೆ ಕಟ್ಟೋ ಆಟವೊಂದನ್ನು ಫೋನಿಗೆ ಹಾಕಿಕೊಂಡೆವು. ಜಗಲಿ, ಬಾವಿ, ಕುರಿಹಟ್ಟಿ ಎಲ್ಲಾ ಆಯ್ತು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೂ ಆಗಿಂದಾಗ್ಗೆ ಹಾಗೇ ಕಾಣಬೇಕು ಅಂತ ಕ್ಲಾಸಲ್ಲಿ ಕೊರೀತೀನಿ. ನಮ್ಮೂರು ಹರಿಯಬ್ಬೆಯ ಸಿಗ್ನಲ್ಲಿಗೆ ಅದು ಗೊತ್ತಾಗಬೇಕಲ್ಲ!

೧. ಬಾವಿ

ಒಂದು ಸಂಜೆ ಆಟದ ಜಗಲಿ ಮೇಲೆ ಅವಳ ಪಕ್ಕ ಕುಂತೆ. ಅವಳು ಅರ್ಧ ಗಂಟೆ ಡ್ಯೂಟಿ ಕಷ್ಟ ಹೇಳಿಕೊಂಡಳು. ಹೆಗಲ ಮೇಲೆ ಕೈ ಹಾಕೋಣ ಅನ್ನಿಸಿತು.

"ಪಕ್ಕದಾಗೇ ಇದೀನಲ್ಲೇ," ಅಂದೆ.

"ಎಲ್ರಿ? ನನ್ನ ಫೋನಲ್ಲಿ ನೀವು ಬಾವಿಯೊಳಗೆ ನಿಂತಿದೀರಿ!"

"ಅಂದ್ರೆ ಅರ್ಧ ಗಂಟೆ ಬಾವಿ ಜೊತೆ ಮಾತಾಡಿದ್ಯಾ?"

"ಹೂಂ. ಊರಲ್ಲಿದ್ದಾಗ್ಲೂ ಹಂಗೇ ಇತ್ತು ಬಿಡ್ರಿ."

೨. ಕುರಿ

ನಮ್ಮವ್ವ ಹುಟ್ಟಿದ್ದೇ ಕುರಿ ಸಾಕೋ ಮನೇಲಿ. ನನ್ನ ಹೆಗಲ ಮೇಲಿಂದ ಆಟ ಇಣುಕಿ, "ಸೊಸೆ ಐದು ಕುರಿ ಅಂತಾಳೆ, ನಿಂದ್ರಾಗೆ ನಾಕೇ ಅವೆ. ಇನ್ನೊಂದೆಲ್ಲೋ?" ಅಂದಳು.

"ಅವಳು ಈಗ ತಂದು ಬಿಟ್ಟಿದ್ದು ಕಣವ್ವ. ನನ್ನ ಫೋನಿಗಿನ್ನೂ ಬಂದಿಲ್ಲ, ದಾರೀಲೈತೆ."

ಅವ್ವ ಕುರಿಗಳನ್ನ ಇನ್ನೊಂದು ಸಲ ಎಣಿಸಿದಳು. "ಕುರಿ ಬರ್ತೈತೆ. ಅವಳ್ಯಾವಾಗ ಬರ್ತಾಳೋ?" ಅಂದಳು. ಆಮೇಲೆ ಅವಳೇ, "ದುಬೈಯಿಂದ ನಡಕೊಂಡು ಬರಾ ಕುರಿ, ದಣಿದಿರ್ತೈತೆ. ಬಂದೇಟಿಗೆ ನೀರಿಡು," ಅಂತ ಒಳಗೆ ಹೋದಳು.

೩. ಕದ

ಆಟದ ಕದ ಒಮ್ಮೆ ಒತ್ತಿದರೆ ತೆಗೀತದೆ, ಇನ್ನೊಮ್ಮೆ ಒತ್ತಿದರೆ ಮುಚ್ಚುತ್ತೆ. ಇಬ್ಬರೂ ಒಟ್ಟಿಗೆ ಒತ್ತೋದು, ನಾನು ತೆಗೆದದ್ದನ್ನ ಅವಳು ಮುಚ್ಚೋದು! ಕೊನೆಗೆ ಒಂದು ರೂಲ್ಸು ಮಾಡಿದೆ: ಏನು ಮುಟ್ಟಿದರೂ "ಹಿಡ್ದೆ" ಅನ್ನಬೇಕು. ಹಿಡಿದವರು "ಬಿಟ್ಟೆ" ಅನ್ನೋವರೆಗೂ ಇನ್ನೊಬ್ಬರು ಕೈ ಹಚ್ಚಂಗಿಲ್ಲ. ಉಳಿದ ದಿನವೆಲ್ಲಾ ಹಾಗೇ ಬದುಕಿದೆವು.

ಕರಾರು ಮುಗೀತು. ಅವಳನ್ನು ಕರ್ಕೊಂಡು ಬರೋಕೆ ಹಿರಿಯೂರು ಬಸ್ ಸ್ಟ್ಯಾಂಡಿಗೆ ಹೊರಡ್ತಾ ಕದದ ಹತ್ತಿರ ಬಂದೆ. ಕಿಟಕೀಲಿ ನೋಡಿದರೆ ಅಂಗಳದಲ್ಲಿ ಅವಳೇ! ಮೊದಲ ಬಸ್ಸಿಗೇ ಬಂದಿದ್ದಳು. ಬಂದೆ ಅಂತ ಹಾಕಿದ ಮೆಸೇಜು ನನಗಿನ್ನೂ ಮುಟ್ಟಿರಲಿಲ್ಲ.

ಹೊರಗೆ ಅವಳು, ಒಳಗೆ ನಾನು, ನಡುವೆ ಸುಮ್ಮನೆ ಮುಂದಕ್ಕೆ ಹಾಕಿದ ಕದ. ಕಿಟಕೀಲಿ ಒಬ್ಬರ ಮುಖ ಒಬ್ಬರು ನೋಡ್ತಾ, "ಹಿಡ್ದೆ" ಅಂತ ಇನ್ನೊಬ್ಬರು ಅನ್ನಲಿ ಅಂತ ಇಬ್ಬರೂ ಕಾಯ್ತಾ ನಿಂತೆವು.

"ಲೇ, ಸೊಸೆ ಬಿಸ್ಲಲ್ಲಿ ನಿಂತವ್ಳೆ, ಕದ ತೆಗಿಯೋ!" ಅಂತ ಅವ್ವ ಬಂದು ತಾನೇ ತೆಗೆದಳು.

ಅವಳು ಒಳಗೆ ಬಂದಳು. ಕೈ ಹಿಡಿದುಕೊಂಡು, "ಹಿಡ್ದೆ," ಅಂದೆ. ಅವಳ ಕಣ್ಣು ತುಂಬಿತ್ತು.

"ಕೈ ಬಿಡೋ, ಪಾಪ ಮುಖ ತೊಳೀಲಿ," ಅಂದಳು ಅವ್ವ.

"ಅವ್ರು 'ಬಿಟ್ಟೆ' ಅನ್ನೋವರ್ಗೂ ನಾನು ಅಳ್ಳಾಡಂಗಿಲ್ಲ ಅತ್ತೆ," ಅಂದಳು ನನ್ನಾಕೆ, "ರೂಲ್ಸು!"