ನಾನೇ ಹಾಕಲು ಹೊರಟ ಟೈಮಿಂಗ್ ಬೆಲ್ಟು

ಗಾಡಿ ಇಟ್ಟುಕೊಂಡವರ ದುಃಖಗಳಲ್ಲಿ ಕಣ್ಣಿಗೆ ಕಾಣುವುದು, ಕಾಣದಿರುವುದು ಎಂದು ಎರಡು ಬಗೆ. ಟೈರು ಸವೆದರೆ, ದೀಪ ಒಡೆದರೆ, ಬಾಗಿಲಿಗೆ ಎಮ್ಮೆ ಕೊಂಬು ತಾಗಿಸಿ ಹೋದರೆ ದಾರಿಹೋಕರೂ ನಿಂತು ಎರಡು ಸಮಾಧಾನದ ಮಾತು ಹೇಳುತ್ತಾರೆ. ಆದರೆ ಇಂಜಿನ್ನಿನ ಮುಚ್ಚಳದ ಹಿಂದೆ ಎಲ್ಲೋ ಒಂದು ರಬ್ಬರ್ ಪಟ್ಟಿ ಬಿರುಕು ಬಿಟ್ಟಿದೆ ಎಂದು ಹೇಳಿ ನೋಡಿ, ಯಾರ ಮುಖದಲ್ಲೂ ಮರುಕ ಹುಟ್ಟುವುದಿಲ್ಲ. ಗಾಡಿ ಓಡುತ್ತಿದೆಯಲ್ಲ, ಮತ್ತೇನು ಎಂದು ಕೇಳಿ ಮುಂದೆ ಹೋಗುತ್ತಾರೆ. ಓಡುತ್ತಿದೆ ಎಂಬುದೇ ನನ್ನ ಚಿಂತೆಯಾಗಿತ್ತು ಎಂದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ, ಪಾಂಡವಪುರದಲ್ಲಿ ಗುಮಾಸ್ತನಾಗಿದ್ದ ನಾನು ಮೂರನೆಯವರ ಕೈಯಿಂದ ಇಳಿದುಬಂದ ಒಂದು ಪುಟ್ಟ ಬಿಳಿ ಕಾರನ್ನು ಕೊಂಡಿದ್ದೆ. ಆಯುಧಪೂಜೆಗೆ ಇನ್ನು ನಾಲ್ಕು ದಿನವಿದೆ ಎನ್ನುವಾಗ ಶ್ರೀರಂಗಪಟ್ಟಣದ ಮೆಕ್ಯಾನಿಕ್ ನಜೀರ್ ಸಾಬರು ಅದರ ಮುಚ್ಚಳ ಸರಿಸಿ, ಟಾರ್ಚು ಬಿಟ್ಟು, ನಾಡಿ ಹಿಡಿದ ವೈದ್ಯರಂತೆ ತಲೆಯಾಡಿಸಿದರು. ಟೈಮಿಂಗ್ ಬೆಲ್ಟು ಮುಗಿದಿದೆಯಂತೆ. ಇಂಜಿನ್ನಿನ ಮೇಲಿನ ಚಕ್ರ, ಕೆಳಗಿನ ಚಕ್ರ ಎರಡೂ ಒಂದೇ ತಾಳಕ್ಕೆ ತಿರುಗುವಂತೆ ಹಿಡಿದಿಟ್ಟಿರುವ ಹಲ್ಲಿನ ಪಟ್ಟಿ ಅದು. ದಾರಿಯಲ್ಲಿ ಹರಿದರೆ ಒಳಗಿನ ಸಾಮಾನುಗಳೇ ಒಂದಕ್ಕೊಂದು ಬಡಿದುಕೊಂಡು ಇಂಜಿನ್ನೇ ಹೋಗಬಹುದು ಎಂದರು. ಇವತ್ತೇ ಹಾಕಿಬಿಡಿ ಎಂದೆ. ಸಾಬರು ಅಂಗಳದತ್ತ ಕೈ ತೋರಿಸಿದರು. ಪೂಜೆಗೆ ತಯಾರಾಗಬೇಕಾದ ಟ್ರಾಕ್ಟರು, ಟೆಂಪೋ, ಲಾರಿಗಳು ರಸ್ತೆಯವರೆಗೂ ನಿಂತಿದ್ದವು. "ಹಬ್ಬ ಮುಗೀಲಿ ಸಾರ್. ಅಲ್ಲೀ ತನಕ ಜೋಪಾನ, ದೂರ ಮಾತ್ರ ಹೋಗ್ಬೇಡಿ" ಎಂದರು. ನಾನು ಬೆಲ್ಟನ್ನಷ್ಟೇ ಕೊಂಡು ಮನೆಗೆ ಬಂದೆ.

ದೂರ ಹೋಗುವುದೇ ನನಗೆ ಬೇಕಾಗಿದ್ದದ್ದು. ವಿಜಯದಶಮಿಯ ಬೆಳಗ್ಗೆ ಸಂತೆಬಾಚಹಳ್ಳಿಯ ಹತ್ತಿರ ನನ್ನ ಅಕ್ಕನ ಹೊಸ ಮನೆಯ ಗೃಹಪ್ರವೇಶ. ಹೊಸ ಮನೆ ಹೊಗುವ ಹೆಣ್ಣುಮಗಳು ತವರಿನವರು ತಂದ ಸೀರೆ ಉಟ್ಟೇ ಹೊಸ್ತಿಲು ದಾಟಬೇಕೆಂಬುದು ನಮ್ಮ ಮನೆಗಳ ಪದ್ಧತಿ. ಅಪ್ಪ ಇಲ್ಲದ ಮೇಲೆ ತವರು ಎಂದರೆ ನಾನೇ. ಅದಕ್ಕೆ ಸರಿಯಾಗಿ, ಹಿಂದಿನ ವರ್ಷ ಅಕ್ಕನ ವಾರಗಿತ್ತಿಯ ಅಣ್ಣಂದಿರು ಅವಳ ಮನೆ ಕಾರ್ಯಕ್ಕೆ ಬಾಡಿಗೆ ಕಾರಿನಲ್ಲಿ ಬಂದು ಇಳಿದಿದ್ದರು. ಆ ಕಾರಿನ ಕಥೆ ಕೇಳಿ ಕೇಳಿ ಅಕ್ಕನ ಕಿವಿ ತೂತಾಗಿತ್ತು. ನಾನು ಕಾರು ಕೊಂಡ ಸುದ್ದಿ ಮುಟ್ಟಿದ ದಿನವೇ ಹೇಳಿಕಳಿಸಿದ್ದಳು, ಬಂದರೆ ಕಾರಲ್ಲೇ ಬಾ ಎಂದು.

ನನ್ನ ಕಷ್ಟಕ್ಕೆ ಕಿವಿಗೊಟ್ಟವನು ಕ್ಯಾತನಹಳ್ಳಿಯ ಚೆಲುವಯ್ಯ ಒಬ್ಬನೇ. ಅವನದು ಹಿಟ್ಟಿನ ಗಿರಣಿ. ಬೆಲ್ಟು ಎಂಬ ಪದ ಕಿವಿಗೆ ಬಿದ್ದರೆ ಸಾಕು, ಅದು ತನ್ನ ಇಲಾಖೆ ಎಂದು ಭಾವಿಸುವವನು. "ನನ್ ಗಿರಣಿ ಬೆಲ್ಟು ನಿನ್ ಮನೆಯಷ್ಟುದ್ದ ಅದೆ, ಒಬ್ನೇ ಹಾಕ್ತೀನಿ. ಇದು ಅಂಗೈಯಗಲ ಇಲ್ಲ, ಇದ್ಕೆ ಎದ್ರುಕೊಂಡಿಯಲ್ಲ. ಬಿಚ್ಚೋ ಮುಂಚೆ ಎಲ್ಲೆಲ್ಲಿತ್ತೋ ಅಲ್ಲಲ್ಲಿಗೆ ಒಂದೊಂದು ಗುರ್ತು ಮಾಡ್ಕೊ. ಅಷ್ಟೇ ಕಣ್ಲಾ ವಿದ್ಯೆ" ಎಂದ. ಎರಡು ದಿನ ಯೋಚಿಸಿದೆ. ಹಾಗೇ ಹೋದರೆ ಹೆಂಡತಿ, ಅವ್ವ, ಸೀರೆ ಸಮೇತ ನಡುದಾರಿಯಲ್ಲಿ ನಿಲ್ಲಬೇಕು. ಹೋಗದಿದ್ದರೆ ಅಕ್ಕ ಹೊಸ್ತಿಲಲ್ಲಿ ನಿಲ್ಲಬೇಕು. ಬಸ್ಸಿನಲ್ಲಿ ಹೋದರೆ ವಾರಗಿತ್ತಿಯ ಮುಂದೆ ತಲೆ ತಗ್ಗಿಸಬೇಕು. ನಾನೇ ಬಿಚ್ಚಿದರೆ ಏನಾಗುತ್ತದೋ ಗೊತ್ತಿಲ್ಲ. ಗೊತ್ತಿಲ್ಲದ್ದರಲ್ಲಿ ಮನುಷ್ಯನಿಗೆ ಅದೇನು ಭರವಸೆಯೋ, ಅದನ್ನೇ ಆರಿಸಿಕೊಂಡೆ. ಜಯಮ್ಮ, ನನ್ನ ಹೆಂಡತಿ, ಮಿಕ್ಸಿ ರಿಪೇರಿ ಮಾಡಿ ಅಡುಗೆಮನೆಯ ಗೋಡೆಗೆಲ್ಲ ಚಟ್ನಿ ಬಳಿದ ನನ್ನ ಹಳೆಯ ಸಾಧನೆಯನ್ನು ಮೆಲ್ಲಗೆ ನೆನಪಿಸಿದಳು. ನಾನು ಕೇಳಿಸಿಕೊಳ್ಳಲಿಲ್ಲ.

ಪೂಜೆಯ ಹಿಂದಿನ ಸಂಜೆ ಚೆಲುವಯ್ಯನ ನಟ್ಟು ಬಿಚ್ಚುವ ಪಾನಾಗಳನ್ನು ತಂದು ಕಾರಿನ ಹೊಟ್ಟೆ ಬಿಚ್ಚಿದೆ. ಗುರುತು ಮಾಡಲು ಮನೆಯಲ್ಲಿ ಬಣ್ಣವಿಲ್ಲ. ಸೀಮೆಸುಣ್ಣ ಜಿಡ್ಡಿನ ಮೇಲೆ ನಿಲ್ಲಲಿಲ್ಲ. ಕೊನೆಗೆ ಜಯಮ್ಮನ ಭರಣಿಯಿಂದ ಚಿಟಿಕೆ ಕುಂಕುಮ ತೆಗೆದು ಹರಳೆಣ್ಣೆಯಲ್ಲಿ ಕಲಸಿ, ಮೇಲಿನ ಚಕ್ರಕ್ಕೊಂದು, ಕೆಳಗಿನ ಚಕ್ರಕ್ಕೊಂದು, ಎದುರಿನ ಕಬ್ಬಿಣಕ್ಕೊಂದೊಂದು ಬೊಟ್ಟು ಇಟ್ಟೆ. ಎಷ್ಟು ಚೆನ್ನಾಗಿ ಕಂಡವೆಂದರೆ, ಇಷ್ಟು ಸುಲಭದ ಉಪಾಯ ಮೆಕ್ಯಾನಿಕ್‌ಗಳಿಗೆ ಯಾಕೆ ಹೊಳೆದಿಲ್ಲವೋ ಎಂದುಕೊಂಡೆ. ಹಳೆಯ ಬೆಲ್ಟು ಕೈಗೆ ಬಂದದ್ದೂ ಕರೆಂಟು ಹೋದದ್ದೂ ಒಟ್ಟಿಗೇ ಆಯಿತು. ಬೆಳಗ್ಗೆ ಪೂಜೆಗೆ ಮುಂಚೆ ಹೊಸದನ್ನು ಏರಿಸಿದರಾಯಿತೆಂದು ಮಲಗಿದೆ.

ನಾನು ಏಳುವ ಹೊತ್ತಿಗೆ ಅವ್ವ ಪೂಜೆ ಮುಗಿಸಿದ್ದಳು. ಪಾನಾಗಳೆಲ್ಲ ತೊಳೆಸಿಕೊಂಡು ಮಣೆಯ ಮೇಲೆ ಹೂ ಮುಡಿದು ಕೂತಿದ್ದವು. ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಯಾರೂ ಮುಟ್ಟುವಂತಿಲ್ಲ, ಮಾರನೆಯ ದಿನವೇ ಎತ್ತಬೇಕು. ಆಗಲಿ, ನಾಳೆ ಬೆಳಕು ಹರಿಯುವಾಗಲೇ ಮಾಡಿದರಾಯಿತು ಎಂದು ಸಮಾಧಾನ ಮಾಡಿಕೊಂಡು ಕಾರಿನ ಹತ್ತಿರ ಹೋದೆ. ಬಾನೆಟ್ ತೆರೆದೇ ಇತ್ತು. ಒಳಗೆ ನೋಡಿದೆ. ಚಕ್ರಗಳು ಫಳಫಳ ಹೊಳೆಯುತ್ತಿದ್ದವು. ಸುತ್ತಲೂ ಕುಂಕುಮದ ಬೊಟ್ಟುಗಳು. ಚಕ್ರಕ್ಕೆ, ಬೋಲ್ಟಿಗೆ, ಬ್ಯಾಟರಿಗೆ, ನೀರಿನ ಪೈಪಿಗೆ. ಎಲ್ಲ ಒಂದೇ ಅಳತೆ, ಒಂದೇ ಕೆಂಪು.

"ಯಾರೋ ಮೂರೋ ನಾಕೋ ಇಟ್ಟು ಬುಟ್ಟಿದ್ರು ಕಣಪ್ಪ" ಎಂದಳು ಅವ್ವ, ಬಲು ತೃಪ್ತಿಯಿಂದ. "ಅದೂ ಓರೆ. ಮೂದೇವಿ ಅಂಗಿತ್ತು. ಎಲ್ಲಾ ಒರ್ಸಿ ಹೊಸ್ದಾಗಿ ಇಟ್ಟಿವ್ನಿ. ಮ್ಯಾಲಿನ ಚಕ್ರ ತಿರುಗ್ತದಲ್ಲ, ತಿರುಗ್ಸಿ ತಿರುಗ್ಸಿ ಸುತ್ತಾ ಇಟ್ಟೆ."

ನನಗೆ ಕೋಪ ಬರಬೇಕಾಗಿತ್ತು. ಬರಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ಅವ್ವ ನನ್ನ ಹಣೆಗೂ ಒಂದು ಬೊಟ್ಟು ಇಟ್ಟು ಒಳಗೆ ಹೋದಳು. ಮಾರನೆಯ ಬೆಳಗ್ಗೆ ಪಾನಾ ಎತ್ತಿ ಹಿಡಿದು ಚೆಲುವಯ್ಯನೂ ನಾನೂ ಒಳಗೆ ಇಣುಕಿದೆವು. ಯಾವ ಬೊಟ್ಟಿಗೆ ಯಾವ ಬೊಟ್ಟು ಸರಿಯೆಂದು ಇಬ್ಬರಿಗೂ ತಿಳಿಯಲಿಲ್ಲ. ಅವನು ಗಿರಣಿಯ ನೆಪ ಹೇಳಿ ಹೋದ.

ಬಸ್ಸಿನಲ್ಲಿ ಹೋದೆವು. ಹಬ್ಬದ ಬಸ್ಸು, ಅರ್ಧ ದಾರಿ ಒಂಟಿಕಾಲಿನಲ್ಲಿ ನಿಂತು, ಸೀರೆಯ ಗಂಟನ್ನು ತಲೆಯ ಮೇಲೆ ಹಿಡಿದುಕೊಂಡಿದ್ದೆ. ಇಳಿದು ಬಿಸಿಲಲ್ಲಿ ನಡೆದು ಊರು ಮುಟ್ಟಿದಾಗ ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದು ಗೊಣಗುತ್ತಿದ್ದರು. ಅಕ್ಕ ಹಳೆಯ ಸೀರೆಯಲ್ಲೇ ಹೊಸ್ತಿಲ ಹೊರಗೆ ನಿಂತಿದ್ದಳು. ಚಪ್ಪರದ ಮುಂದೆ ಕಾರಿಗೆಂದು ಸಾರಿಸಿ ರಂಗೋಲಿ ಬಿಟ್ಟ ಜಾಗ ಖಾಲಿ ಬಿದ್ದಿತ್ತು. ವಾರಗಿತ್ತಿ ಅದನ್ನೇ ನೋಡುತ್ತಿದ್ದಳು. ಅಕ್ಕ ನನ್ನ ಹಿಂದೆ, ರಸ್ತೆಯ ಕೊನೆಯವರೆಗೂ ಒಮ್ಮೆ ಕಣ್ಣು ಹಾಯಿಸಿದಳು. ಗಂಟು ಇಸಿದುಕೊಂಡು ಎದೆಗೊತ್ತಿಕೊಂಡಳು.

"ನೋಡ್ರವ್ವ" ಎಂದಳು ಸುತ್ತ ನೆರೆದವರ ಕಡೆ ತಿರುಗಿ, "ಮನೇಲಿ ಕಾರು ನಿಂತದೆ. ಆದ್ರೂ ನನ್ ತಮ್ಮ ಅಕ್ಕನ್ ಮನೆಗೆ ಜಂಬ ತೋರ್ಸ್‌ಬಾರ್ದು ಅಂತ ಬಸ್ಸಲ್ ಬಂದವ್ನೆ. ಅಪ್ಪನ್ ಗುಣ." ವಾರಗಿತ್ತಿಯ ಮುಖ ಇಳಿಯಿತು. ಅಕ್ಕ ಸೀರೆ ಉಟ್ಟುಬಂದು ಹೊಸ್ತಿಲು ದಾಟಿದಳು.

ಹಬ್ಬ ಕಳೆದ ಮೇಲೆ ನಜೀರ್ ಸಾಬರು ಬಂದು ಬಾನೆಟ್ ಒಳಗೆ ನೋಡಿ, "ಯಾ ಅಲ್ಲಾ, ಇದ್ಕೆ ಪಾನಾ ಹಾಕ್ಲಾ ಸಾರ್, ಕೈ ಮುಗೀಲಾ?" ಎಂದು ಕೇಳಿದರು. ಎರಡನ್ನೂ ಮಾಡಿ ಎಂದೆ. ಆಮೇಲೆ ಕಾರು ಚೆನ್ನಾಗಿಯೇ ಓಡಿತು. ಆದರೆ ಅಕ್ಕನ ಊರಿನಲ್ಲಿ ನಾನು ಸರಳ ಮನುಷ್ಯ ಎಂದು ಹೆಸರಾಗಿಬಿಟ್ಟಿದೆ. ಮಕ್ಕಳಿಗೆ ನನ್ನನ್ನು ತೋರಿಸಿ ಬುದ್ಧಿ ಹೇಳುವವರಿದ್ದಾರೆ. ಆದ್ದರಿಂದ ಇಂದಿಗೂ ಅಲ್ಲಿಗೆ ಹೋದಾಗಲೆಲ್ಲ ಕಾರನ್ನು ಊರಾಚೆಯ ಕಬ್ಬಿನ ಗದ್ದೆಯ ಮರೆಯಲ್ಲಿ ನಿಲ್ಲಿಸಿ, ಚಪ್ಪಲಿಗೆ ಒಂದಿಷ್ಟು ಧೂಳು ಮೆತ್ತಿಸಿಕೊಂಡು, ಬಸ್ಸು ಇಳಿದವನ ಹಾಗೆ ಬೆವರು ಒರೆಸಿಕೊಳ್ಳುತ್ತಾ ನಡೆದು ಹೋಗುತ್ತೇನೆ.