ಆಕ್ಸಿಜನ್ನಿನ ಕೆಂಪು

ಕೆಲಸವೇನೋ ಬಹಳ ಸುಲಭದ್ದು. ಕಣ್ಣು ಕಾಣದ ಒಬ್ಬ ಹುಡುಗಿಗೆ ನಮ್ಮ ಕೆಮಿಸ್ಟ್ರಿ ಡಿಪಾರ್ಟ್‌ಮೆಂಟಿನಲ್ಲಿ ಸೀಟು ಉಳಿಸಿಕೊಡಬೇಕಿತ್ತು, ಅಷ್ಟೆ. ಅದಕ್ಕೆ ನಾನೊಬ್ಬಳು ಸಾಕು ಎಂದು ಎಲ್ಲರಿಗಿಂತ ಮೊದಲು ನಂಬಿದವಳು ನಾನೇ!

ಆಗ ನಾನು ರಾಮನಗರದಲ್ಲಿ ವಿಶ್ವವಿದ್ಯಾಲಯದ ಪುಟ್ಟ ಕೇಂದ್ರವೊಂದರ ಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥೆ. ಬಿಡದಿಯ ಕಡೆ ಒಂದರ ಪಕ್ಕ ಒಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ವಿಜ್ಞಾನ ವಿಭಾಗಗಳಲ್ಲಿ ಎಲ್ಲ ಬಗೆಯ ಮಕ್ಕಳಿಗೂ ಜಾಗವಿರಬೇಕು, ಅದಕ್ಕೊಂದು ಇನ್‌ಕ್ಲೂಷನ್ ಕಮಿಟಿ ಇರಬೇಕು ಎಂದು ಮೇಲಿನಿಂದ ಆದೇಶ ಬಂತು. ಕನ್ವೀನರ್ ಯಾರು? ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷಿನಲ್ಲಿ ಉದ್ದುದ್ದ ರಿಪೋರ್ಟ್ ಬರೆಯುವವಳು. ಅಂದರೆ ನಾನು!

ಕಮಿಟಿಯ ಮುಂದೆ ಬಂದ ಮೊದಲ ಕೇಸು ಮರಳವಾಡಿಯ ಭಾಗ್ಯ. ಚಿಕ್ಕಂದಿನಿಂದ ಮಂಜಾಗುತ್ತಾ ಬಂದಿದ್ದ ಅವಳ ದೃಷ್ಟಿ ಬಿ.ಎಸ್ಸಿ. ಮುಗಿಯುವಷ್ಟರಲ್ಲಿ ಪೂರ್ತಿ ಹೋಗಿತ್ತು. ಆದರೂ ಎಂ.ಎಸ್ಸಿ. ಸೀಟನ್ನು ಮಾರ್ಕ್ಸಿನ ಮೇಲೆಯೇ ಗಿಟ್ಟಿಸಿಕೊಂಡಿದ್ದಳು. ಮೇಲಿನವರು ಹೌಹಾರಿದರು. ಮೂವರು ಪ್ರೊಫೆಸರುಗಳು ಬಂದು ಪರೀಕ್ಷಿಸುತ್ತಾರಂತೆ. ಅವರಿಗೆ ಒಪ್ಪಿಗೆಯಾಗದಿದ್ದರೆ ಅವಳನ್ನು ಸೋಷಿಯಾಲಜಿಗೆ ಕಳಿಸುತ್ತಾರಂತೆ.

"ಸೋಷಿಯಾಲಜಿ ಒಳ್ಳೇದೇ ಮೇಡಂ," ಎಂದಳು ಭಾಗ್ಯ. "ಆದ್ರೆ ನಂಗೆ ಅದು ಬ್ಯಾಡ. ಕಳ್ಸುದ್ರೆ ನಾನು ಮನೇಲೇ ಇದ್ಬುಡ್ತೀನಿ."

ಅವಳು ಹೇಳಿದಂತೆ ಮಾಡುವವಳು.

ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಯಜಮಾನರಿಗೆ ಘೋಷಿಸಿದೆ. "ಚನ್ನಪಟ್ಟಣದಲ್ಲಿ ಮರದ ಚೆಂಡು ಮಾಡಿಸ್ತೀನಿ. ಒಂದೊಂದು ಚೆಂಡು ಒಂದೊಂದು ಪರಮಾಣು. ಭಾಗ್ಯ ಮುಟ್ಟಿ ಜೋಡಿಸಿ ಅಣು ಮಾಡ್ತಾಳೆ. ಬ್ರಿಲಿಯಂಟ್ ಅಲ್ವಾ?"

"ಆ ಹುಡುಗೀನ ಒಂದ್ಮಾತು ಕೇಳಿದ್ಯಾ?"

"ನೋ, ನೋ. ಸರ್‌ಪ್ರೈಸ್!"

ಅವರು ಪೇಪರಿನ ಹಿಂದೆ ಮರೆಯಾದರು. ಮೂವತ್ತು ವರ್ಷದ ದಾಂಪತ್ಯದಲ್ಲಿ ಆ ಪೇಪರ್ ಮೇಲಕ್ಕೆದ್ದಾಗೆಲ್ಲ ನಾನು ಎಚ್ಚರವಾಗಬೇಕಿತ್ತು. ಆಗಲಿಲ್ಲ.

ಚನ್ನಪಟ್ಟಣದ ಬೊಂಬೆ ಕೆಲಸದ ಕೆಂಪಣ್ಣನಿಗೆ, ಕೆಮಿಸ್ಟ್ರಿ ಪುಸ್ತಕಗಳಲ್ಲಿ ಪರಮಾಣುಗಳಿಗೆ ಕೊಡುವ ಬಣ್ಣಗಳ ಚಾರ್ಟು ಕೊಟ್ಟೆ. ಕಾರ್ಬನ್ ಕಪ್ಪು, ಹೈಡ್ರೋಜನ್ ಬಿಳಿ, ನೈಟ್ರೋಜನ್ ನೀಲಿ, ಆಕ್ಸಿಜನ್ ಕೆಂಪು. ಎಲ್ಲ ಒಂದೇ ಅಳತೆ, ಗಾಜಿನಂಥ ನುಣುಪು. ಯಾವುದಕ್ಕೆ ಎಷ್ಟು ಕಡ್ಡಿ ಸಿಕ್ಕಿಸಬೇಕೋ ಅಷ್ಟು ತೂತು. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದೇ ಅಚ್ಚುಕಟ್ಟು!

ಕೆಂಪಣ್ಣ ಲೇತಿನ ಮೇಲೆ ಅರಗಿನ ಬಣ್ಣ ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಫಳಫಳ ಹೊಳೆಸಿದ. ನಾನು ಕೆಂಪು ಚೆಂಡನ್ನು ಬಿಸಿಲಿಗೆ ಹಿಡಿದು ಮುಖ ಗಂಟಿಕ್ಕಿದೆ. "ಇದು ಟೊಮೇಟೊ ಕೆಂಪು ಕಣಪ್ಪ. ನನಗೆ ಆಕ್ಸಿಜನ್ ಕೆಂಪು ಬೇಕು."

ಎರಡನೆಯ ಸಲ ಹೋದಾಗ ಅದು ಕುಂಕುಮದ ಕೆಂಪಾಗಿತ್ತು. ಮತ್ತೆ ವಾಪಸ್ ಮಾಡಿದೆ. ಮುಂದಿನ ಸಲ ಕೆಂಪಣ್ಣ ಲೇತು ನಿಲ್ಲಿಸಿದ.

"ಅಮ್ಮಾವ್ರೆ, ಈ ಆಕ್ಸಿಜನ್ನ ನೀವು ಕಣ್ಣಾರೆ ನೋಡಿದ್ದೀರಾ?"

"ಅದಕ್ಕೆ ಬಣ್ಣವೇ ಇಲ್ಲಪ್ಪ."

"ಬಣ್ಣ ಇಲ್ದೇ ಇರದಕ್ಕೆ ನನ್ ಕೈಲಿ ಮೂರ್ ಸಲ ಬಣ್ಣ ಬಳಿಸ್ತಿದ್ದೀರಲ್ಲ, ಸರಿಯಾಯ್ತಾ ಇದು?"

ವಿಜ್ಞಾನದ ಸೂಕ್ಷ್ಮ ಇವನಿಗೆ ಹೇಗೆ ತಿಳಿಯಬೇಕು ಎಂದುಕೊಂಡು, ಕೊನೆಗೂ ಸಿಕ್ಕ ಸರಿಯಾದ ಕೆಂಪನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ.

ಪರೀಕ್ಷೆಯ ದಿನ ಬಂತು. ಪರೀಕ್ಷಿಸಲು ಬಂದ ಮೂವರಲ್ಲಿ ಅಧ್ಯಕ್ಷರು ವಯಸ್ಸಾದ, ಸಾತ್ವಿಕ ಮುಖದ ಪ್ರೊಫೆಸರು. ಮಾತು ಮಾತಿಗೂ "ಪಾಪ" ಎನ್ನುತ್ತಿದ್ದರು. "ಪಾಪ, ಕೂತ್ಕೋಮ್ಮ. ಪಾಪ, ಅಷ್ಟು ದೂರದಿಂದ ಬಂದಿದ್ದಾಳೆ. ಸೋಷಿಯಾಲಜಿ ಆದ್ರೆ, ಪಾಪ, ಆರಾಮು." ಬೈಯುವವರನ್ನು ನಾನು ಎದುರಿಸಬಲ್ಲೆ, ಈ ಪಾಪವನ್ನು ಎದುರಿಸುವುದು ಹೇಗೆ? ಅವರ ಮುಂದಿದ್ದ ಕಾಗದದ ಮೇಲೆ ಪೆನ್ನು ಆಗಲೇ ತೆರೆದು ಕೂತಿತ್ತು.

ನಾನು ನಾಟಕೀಯವಾಗಿ ಚೆಂಡುಗಳ ಪೆಟ್ಟಿಗೆಯ ಮುಚ್ಚಳ ತೆಗೆದೆ. "ವಂಡರ್‌ಫುಲ್!" ಎಂದರು ಮೂವರೂ. ಅವರಿಗೆ ಕಣ್ಣು ಕಾಣುತ್ತಿತ್ತಲ್ಲ!

ಭಾಗ್ಯ ಒಂದು ಚೆಂಡನ್ನು ಕೈಗೆತ್ತಿಕೊಂಡಳು. ಹೊರಳಿಸಿದಳು. ಇನ್ನೊಂದನ್ನು ಹೊರಳಿಸಿದಳು.

"ಚೆನ್ನಾಗೈತೆ ಮೇಡಂ. ಇದ್ಯಾವ್ದು?"

"ಕೆಂಪಗಿದೆಯಲ್ಲಮ್ಮ, ಆಕ್ಸಿಜನ್!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬಣ್ಣ ಬೆರಳಿಗೆ ತಿಳಿಯುತ್ತದೆಯೇ!

ಅಧ್ಯಕ್ಷರು ನನ್ನ ಕಡೆ ನೋಡಿ "ಪಾಪ" ಎಂದರು. ಈ ಸಲದ ಪಾಪ ನನಗೆ! ಪೆನ್ನು ಕಾಗದದ ಕಡೆಗೆ ಇಳಿಯಿತು. ನಾನು ಗಾಬರಿಯಿಂದ "ಒನ್ ಮಿನಿಟ್ ಸರ್!" ಎಂದು ಪೆಟ್ಟಿಗೆ ಎಳೆದೆ. ಪೆಟ್ಟಿಗೆ ಮಗುಚಿತು. ಗಾಜಿನಂಥ ನುಣುಪಿನ ಪರಮಾಣುಗಳೆಲ್ಲ ಟಕಟಕ ಎಂದು ನೆಲಕ್ಕೆ ಬಿದ್ದು ದಿಕ್ಕಾಪಾಲಾದವು. ಯೋಚಿಸದೆ ನಾನೂ ಅವುಗಳ ಹಿಂದೆ, ಮೊಣಕಾಲೂರಿ ಟೇಬಲ್ಲಿನ ಕೆಳಗೆ ನುಗ್ಗಿದೆ.

"ಮೇಡಂ, ಎಲ್ಲಿದ್ದೀರ?"

"ಟೇಬಲ್ ಕೆಳಗಮ್ಮ."

"ಅಲ್ಲೇ ಇರಿ. ಸಿಕ್ಕುದ್ನೆಲ್ಲ ಒಸಿ ಮ್ಯಾಕ್ಕೆ ಕೊಡಿ."

ಕೊಟ್ಟೆ. ಒಂದೊಂದಾಗಿ ಕೊಟ್ಟೆ. ಮೇಲಿನಿಂದ ಅವಳ ದನಿ ಕೇಳುತ್ತಿತ್ತು. "ನಾಕ್ ತೂತೈತೆ, ಕಾರ್ಬನ್. ಎಲ್ಡು, ಆಕ್ಸಿಜನ್. ಇದು ಮೂರು, ನೈಟ್ರೋಜನ್, ಈಗ ಬ್ಯಾಡ. ಒಂದೇ ತೂತು, ಹೈಡ್ರೋಜನ್. ಹೈಡ್ರೋಜನ್ ಇನ್ನೂ ಬೇಕು ಮೇಡಂ, ಬಾಗಿಲ್ ಕಡೆ ಉರುಳ್ಕಂಡ್ ಹೋದಂಗಾಯ್ತು ನೋಡಿ."

ನನಗೆ ಕಾಣುತ್ತಿದ್ದದ್ದು ಅಧ್ಯಕ್ಷರ ಬೂಟುಗಳು ಮಾತ್ರ. ಇಷ್ಟು ಹೊತ್ತು ಎದ್ದು ಹೋಗುವ ಅವಸರದಲ್ಲಿ ಅಲುಗುತ್ತಿದ್ದ ಬೂಟುಗಳು ಈಗ ಗಪ್ಪನೆ ನಿಂತಿದ್ದವು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯಲಿಲ್ಲ.

"ಆಯ್ತು ಸಾರ್, ತಕಳಿ."

"ಏನಮ್ಮ ಇದು?"

"ಎಥೆನಾಲ್ ಸಾರ್, ಸಾರಾಯಿ. ನಮ್ ಕಡೆ ಇದನ್ನ ಕಣ್ ಮುಚ್ಕೊಂಡೇ ಕಾಯಿಸ್ತಾರೆ!"

ಟೇಬಲ್ಲೇ ಅದುರುವಂಥ ನಗು ಎದ್ದಿತು. ಅಧ್ಯಕ್ಷರು ಕಾಗದದ ಮೇಲೆ ಏನೋ ಬರೆಯುತ್ತಾ, ಒಂದೇ ಒಂದು ಪಾಪವಿಲ್ಲದೆ ಹೇಳಿದರು: "ಕೆಮಿಸ್ಟ್ರೀಲೇ ಓದು. ಲ್ಯಾಬಲ್ಲಿ ನಿನಗೆ ಸಹಾಯಕ್ಕೆ ಒಬ್ಬರನ್ನ ಕೊಡೋಣ."

"ಕೊಡಿ ಸಾರ್, ಬ್ಯಾಡ ಅನ್ನಲ್ಲ. ಆದ್ರೆ ಮೊದ್ಲು ಮೇಡಂನ ಯಾರಾರ ಈಚೆಗೆ ಎಳ್ಕಳಿ. ಆವಾಗಿಂದ ಸದ್ದೇ ಇಲ್ಲ."

ಈಚೆ ಬರುವುದು ಹೇಗೆ? ನನ್ನ ರೇಷ್ಮೆ ಸೀರೆಯ ಸೆರಗು ಅಧ್ಯಕ್ಷರ ಕುರ್ಚಿಯ ಕಾಲಿಗೆ ಸಿಕ್ಕಿಕೊಂಡಿತ್ತು, ಮೊಣಕಾಲು ಹಿಡಿದುಕೊಂಡಿತ್ತು. ಭಾಗ್ಯ ತನ್ನ ಪಾಡಿಗೆ ತಾನು ವಿಜ್ಞಾನ ವಿಭಾಗದ ಒಳಗೆ ಬಂದಳು. ಇನ್‌ಕ್ಲೂಷನ್ ಕಮಿಟಿಯ ಕನ್ವೀನರನ್ನು ಹೊರಗೆ ತೆಗೆಯಲು ಮಾತ್ರ ಇಬ್ಬರು ಪ್ರೊಫೆಸರುಗಳು ಬೇಕಾದರು!