ಎರಡು ಸಾವಿರ ವರ್ಷದ ಮಸಿ

ತಪ್ಪೆಲ್ಲ ಅಮ್ಮನದು. ಪಾತ್ರೆಯ ತಳದಲ್ಲಿ ಚೂರು ಕರಿ ಕಂಡರೂ ಮನೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುವ ಹೆಂಗಸು ಆಕೆ. ಅವಳ ಕೈಕೆಳಗೆ ಪಾತ್ರೆ ತಿಕ್ಕಿ ಬೆಳೆದ ಮಗನನ್ನು ಇತಿಹಾಸ ಓದಲು ಬಿಟ್ಟು, ಮ್ಯೂಸಿಯಮ್ಮಿಗೆ ಇಂಟರ್ನ್ ಮಾಡಿ, "ಆ ಕಪಾಟಿನಲ್ಲಿರೋ ಮಡಕೆ ಸ್ವಲ್ಪ ಒರೆಸಿಡಪ್ಪ" ಎಂದು ಕ್ಯುರೇಟರ್ ಮೇಡಂ ಹೇಳಿದರೆ ಇನ್ನೇನಾದೀತು?

ಹುಡುಗ ಮಡಕೆಯನ್ನು ನಲ್ಲಿಯ ಕೆಳಗಿಟ್ಟು ಸೋಪು ಹಾಕಿ, ನಾರಿನಿಂದ ಗಸಗಸ ಉಜ್ಜಿದ. ಮಡಕೆ ಈಗಷ್ಟೇ ಅಂಗಡಿಯಿಂದ ತಂದಂತೆ ಕೆಂಪಗಾಯಿತು. ಶಹಬ್ಬಾಸ್ ಎನ್ನುವವರು ಯಾರಾದರೂ ಬರಲಿ ಎಂದು ಬಿಸಿಲಿಗಿಟ್ಟು ಕಾದ.

ಬಂದವರು ಟಿಕೆಟ್ ಗುಮಾಸ್ತರು. "ಅಯ್ಯಯ್ಯೋ, ಏನ್ ಮಾಡ್ಬಿಟ್ಯೋ! ಎರಡು ಸಾವಿರ ವರ್ಷದ ಮಸಿ ಕಣೋ ಅದು! ಆ ಕಾಲದಲ್ಲಿ ಏನ್ ಉರಿಸ್ತಿದ್ರು, ಏನ್ ಬೇಯಿಸ್ತಿದ್ರು ಅಂತ ಅದ್ರಿಂದ್ಲೇ ಗೊತ್ತಾಗೋದು. ಅದನ್ನ ಕೆರೆದು ಲ್ಯಾಬಿಗೆ ಒಯ್ಯೋಕೆ ಪ್ರೊಫೆಸರ್ ಇವತ್ತೇ ಬರ್ತಿದ್ದಾರೆ!"

ಹುಡುಗನ ಇಂಟರ್ನ್‌ಶಿಪ್ಪಿನ ಕೊನೆಯ ದಿನ ಅದು. ಸಂಜೆ ಮೇಡಂ ಸರ್ಟಿಫಿಕೇಟಿಗೆ ಸಹಿ ಹಾಕದಿದ್ದರೆ ಡಿಗ್ರಿಯೂ ಇಲ್ಲ, ಮಣ್ಣೂ ಇಲ್ಲ.

"ಸಾರ್, ಏನಾದ್ರೂ ಮಾಡಿ ಸಾರ್."

"ಮಾಡೋದೇನು, ಮತ್ತೆ ಮಸಿ ಹಿಡಿಸೋದು! ಮೇಣದಬತ್ತಿ ತಾ."

"ಮೇಣದಬತ್ತಿ ಮಸಿ ಬಲು ನಯ, ಸಿಕ್ಕಿಬೀಳ್ತೀರಿ," ಎಂದು ವಾಚ್‌ಮನ್ ಕರೆಯದೆಯೇ ಬಂದು ನಿಂತ. "ರದ್ದಿ ಪೇಪರ್ ಸುಡಿ."

"ಗಂಡಸ್ರಿಗೇನ್ರೀ ಗೊತ್ತು ಮಸಿ ವಿಷ್ಯ?" ಎಂದಳು ಕ್ಯಾಂಟೀನಿನ ಅಕ್ಕ. ತನ್ನ ಬಾಣಲೆಯ ತಳ ಕೆರೆದು ಬೊಗಸೆ ತುಂಬ ಮಸಿ ತಂದಳು. ಮೂವರ ಸಲಹೆಯನ್ನೂ ಒಂದರ ಮೇಲೊಂದು ಬಳಿದದ್ದಾಯಿತು. ಹಿತ್ತಿಲ ತುಂಬ ಹೊಗೆ.

"ಏನ್ರೀ ಅದು ಹೊಗೆ?" ಮೇಲಿನ ಕಿಟಕಿಯಿಂದ ಮೇಡಂ ಕೂಗಿದರು.

"ಸೊಳ್ಳೆ ಮೇಡಂ!" ಎಂದರು ಮೂವರೂ ಒಂದೇ ಉಸಿರಿಗೆ.

ಅಷ್ಟರಲ್ಲಿ ಗೇಟಿನಲ್ಲಿ ಕಾರಿನ ಹಾರನ್ ಕೇಳಿಸಿತು. ಸಲಹೆಗಾರರು ಎತ್ತ ಹೋದರೋ, ಮಡಕೆ ಹಿಡಿದು ನಿಂತವನು ಹುಡುಗ ಒಬ್ಬನೇ. ಮಡಕೆಗಿಂತ ಅವನ ಮುಖವೇ ಕಪ್ಪಾಗಿತ್ತು.

ಮೇಡಂ ಕೋಣೆಯಲ್ಲಿ ಪ್ರೊಫೆಸರರು ಭೂತಗನ್ನಡಿ ಹಿಡಿದು ಮಡಕೆಯನ್ನು ನೋಡಿದರು. ಮೂಸಿದರು. ಹುಡುಗನ ಮುಖ ನೋಡಿದರು. "ಮೇಡಂ, ನೀವೊಂದು ಗಳಿಗೆ ಹೊರಗಿರಿ," ಎಂದು ಬಾಗಿಲು ಹಾಕಿಕೊಂಡರು.

"ನಿಜ ಹೇಳು. ತೊಳೆದ್ಯಾ?"

"ತಪ್ಪಾಯ್ತು ಸಾರ್," ಎಂದು ಹುಡುಗ ಗಳಗಳನೆ ಅತ್ತೇಬಿಟ್ಟ.

ಪ್ರೊಫೆಸರರು ಕುರ್ಚಿಯಲ್ಲಿ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನ್ನ ಹೊಟ್ಟೆ ತಣ್ಣಗಿರಲಪ್ಪ! ನಾನೂ ಇಲ್ಲೇ ಇಂಟರ್ನ್ ಆಗಿದ್ದೋನು ಕಣೋ. ಇದೇ ಮಡಕೇನ ನಾನೂ ತೊಳೆದಿದ್ದೆ! ಬೆಳಿಗ್ಗೆ ನೀನು ಉಜ್ಜಿದ್ಯಲ್ಲ, ಅದು ನಾನು ಲಾಟೀನು ಹಚ್ಚಿ ಹಿಡಿಸಿದ್ದ ಮಸಿ. ಯಾರಿಗೂ ಗೊತ್ತಾಗ್ಲಿಲ್ಲ. ಅದರ ಮೇಲೇ ನನ್ನ ಡಾಕ್ಟರೇಟು, ಅದರ ಮೇಲೇ ನನ್ನ ಪುಸ್ತಕ! ಈಗ ಯಾವನೋ ಲ್ಯಾಬಿನಲ್ಲಿ ಪರೀಕ್ಷೆ ಆಗ್ಲೇಬೇಕು ಅಂತ ಹಟ ಹಿಡಿದ. ವಾರದಿಂದ ನಿದ್ದೆ ಇಲ್ಲ ನಂಗೆ. ಮಾನ ಉಳಿಸಿದೆ ಕಣಪ್ಪ!"

ಹುಡುಗನಿಗೆ ಹೋದ ಜೀವ ಬಂತು. ಮೂಗು ಒರೆಸಿಕೊಂಡು ಕೇಳಿದ: "ಹಂಗಾದ್ರೆ ನನ್ನ ಸರ್ಟಿಫಿಕೇಟು, ಸಾರ್?"

ಪ್ರೊಫೆಸರರು ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಬಾಗಿಲು ತೆರೆದು ಇಡೀ ಮ್ಯೂಸಿಯಮ್ಮಿಗೆ ಕೇಳುವಂತೆ ಅರಚಿದರು:

"ಮೇಡಂ, ಬನ್ನಿ ಇಲ್ಲಿ! ಎರಡು ಸಾವಿರ ವರ್ಷದ ಮಸೀನ ಈ ಪಾಪಿ ಸೋಪು ಹಾಕಿ ತೊಳೆದುಬಿಟ್ಟಿದ್ದಾನೆ! ಇನ್ನು ನಾನು ಲ್ಯಾಬಿಗೆ ಏನು ಒಯ್ಯಲಿ?"